ಮಗುವನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸುವ ಮೊದಲು ಒಂದು ಗಂಟೆ ಅಲ್ಲಿ ಕೂತು ನೋಡಿ

ಪರೀಕ್ಷೆ ಮುಗಿದು ರಜೆ ಹತ್ತಿರ ಬಂದ ಹಾಗೆ ಊರಿನಿಂದ ಫೋನು ಜಾಸ್ತಿಯಾಗುತ್ತದೆ. ನಾನಿರುವುದು ದೂರದ ಬಾಗಲಕೋಟೆ ಜಿಲ್ಲೆಯ ಲೋಕಾಪುರದಲ್ಲಿ. ಆದರೂ ಕರಾವಳಿಯ ಸಂಬಂಧಿಕರು, ಹಳೆ ವಿದ್ಯಾರ್ಥಿಗಳು, ಅವರ ಪರಿಚಯದವರು ಬಿಡುವುದಿಲ್ಲ. ಈಗೀಗ ಬರುವ ಪ್ರಶ್ನೆಗಳಲ್ಲಿ ಇದೂ ಒಂದು: "ಉಸ್ತಾದೇ, ಮಗಳನ್ನು ಜಿಮ್ನಾಸ್ಟಿಕ್ಸ್‌ಗೆ ಸೇರಿಸಬಹುದಾ?"

ಅವರಿಗೆ ನನ್ನಿಂದ ಬೇಕಾಗಿರುವುದು 'ಆಗುತ್ತೆ' ಅಥವಾ 'ಆಗಲ್ಲ' ಎಂಬ ಒಂದು ಮಾತು. ನಾನು ತಿರುಗಿ ಕೇಳುತ್ತೇನೆ: "ಆ ಜಾಗ ನೋಡಿದ್ದೀರಾ? ಅಲ್ಲಿ ಮಗು ಬಿದ್ದರೆ ಏನು ಮಾಡುತ್ತಾರೆ? ನೋವಾಯಿತು ಅಂದರೆ ಏನು ಹೇಳುತ್ತಾರೆ?" ಹೆಚ್ಚಿನವರು ನೋಡಿರುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಪೋಸ್ಟರ್ ನೋಡಿದ್ದಾರೆ, ಫೀಸು ಕೇಳಿದ್ದಾರೆ. ಅಷ್ಟೇ.

ನಾನು ಹೀಗೆ ಕೇಳುವುದಕ್ಕೆ ಕಾರಣವಿದೆ. ನನ್ನ ತಂಗಿಯ ಮಗ, ಒಂಬತ್ತು ವರ್ಷದವನು, ಒಂದು ಪಟ್ಟಣದ ಜಿಮ್ನಾಸ್ಟಿಕ್ಸ್ ಕ್ಲಾಸಿಗೆ ಹೋಗುತ್ತಿದ್ದ. ಚುರುಕು ಹುಡುಗ. ಕೈ ಮೇಲೆ ನಿಂತು ಮನೆಯ ಜಗಲಿಯ ಉದ್ದಕ್ಕೂ ನಡೆಯುತ್ತಿದ್ದ. ಒಂದು ದಿನ ಅಜ್ಜಿಗೆ ಸಂಶಯ ಬಂತು. ಹುಡುಗ ಬಾವಿಕಟ್ಟೆಯಿಂದ ಕೊಡಪಾನವನ್ನು ಎಡಗೈಯಲ್ಲೇ ಎತ್ತುತ್ತಿದ್ದಾನೆ, ಬಲಗೈ ಊರಿ ಏಳುವುದಿಲ್ಲ. ಮುಂಗೈ ಒತ್ತಿ ನೋಡಿದರೆ ಕಿರುಚಿದ. ಎರಡು ತಿಂಗಳಿಂದ ನೋವಂತೆ! ವೈದ್ಯರು, ಬೆಳೆಯುವ ಎಲುಬಿನ ತುದಿಗೆ ಪೆಟ್ಟಾಗಿದೆ, ಕೈ ಮೇಲೆ ಭಾರ ಹಾಕುವುದು ಸದ್ಯಕ್ಕೆ ಪೂರ್ತಿ ನಿಲ್ಲಬೇಕು ಅಂದರು.

"ಯಾಕೆ ಮೋನೇ ಹೇಳಲಿಲ್ಲ?" ಎಂದು ಕೇಳಿದ್ದಕ್ಕೆ ಅವನು ಹೇಳಿದ್ದು ಇಷ್ಟೇ: "ಒಂದು ಸಲ ಹೇಳಿದ್ದೆ. ಸರ್ ಎಲ್ಲರ ಎದುರು ನಗಾಡಿದ್ರು. ಮತ್ತೆ ಹೇಳಲಿಲ್ಲ."

ಅಲ್ಲಾಹನ ಕೃಪೆಯಿಂದ ಹುಡುಗನ ಕೈ ಸರಿಯಾಯಿತು. ಆದರೆ ಆ ಮಾತು ನನ್ನಲ್ಲಿ ಉಳಿಯಿತು. ಎಲುಬಿಗೆ ಆದದ್ದು ಆಮೇಲಿನ ಕಥೆ, ಮೊದಲು ಮುಚ್ಚಿದ್ದು ಬಾಯಿ. ಹಾಗಾಗಿ ಈ ಲೇಖನದಲ್ಲಿ ನಾನು ಹೇಳಬೇಕಾದದ್ದು ಒಂದೇ: ಮಗು ನೋವನ್ನು ಹೆದರದೆ ಹೇಳಬಹುದಾದ ಜಾಗವನ್ನು ಆರಿಸಿ. ಉಳಿದದ್ದೆಲ್ಲ ಅದರ ನಂತರ.

ಇದು ಯಾವ ಆಟ?

ಜಿಮ್ನಾಸ್ಟಿಕ್ಸ್ ಅಂದ ಕೂಡಲೇ ನಮಗೆ ನೆನಪಾಗುವುದು ಟಿ.ವಿ.ಯಲ್ಲಿ ಕಾಣುವ ಗಾಳಿಯ ಲಾಗ. ಸ್ಪರ್ಧೆಯಲ್ಲಿ ಹೆಣ್ಣುಮಕ್ಕಳಿಗೆ ನಾಲ್ಕು ವಿಭಾಗ: ವಾಲ್ಟ್, ಎತ್ತರ ತಗ್ಗಿನ ಎರಡು ಬಾರ್, ಬೀಮ್ ಮತ್ತು ನೆಲದ ಮೇಲಿನ ಪ್ರದರ್ಶನ. ಗಂಡುಮಕ್ಕಳಿಗೆ ಆರು. ಬೀಮ್ ಅಂದರೆ ಬರೀ 10 ಸೆಂಟಿಮೀಟರ್ ಅಗಲದ, 5 ಮೀಟರ್ ಉದ್ದದ ಪಟ್ಟಿ. ನೆಲದಿಂದ ಒಂದೂಕಾಲು ಮೀಟರ್ ಎತ್ತರದಲ್ಲಿರುತ್ತದೆ.

ಆದರೆ ಆರೇಳು ವರ್ಷದ ಮಗುವಿಗೆ ಇದ್ಯಾವುದೂ ಬೇಡ. ಆ ವಯಸ್ಸಿನಲ್ಲಿ ಕಲಿಯುವುದು ಉರುಳುವುದು, ಜಿಗಿದು ಎರಡೂ ಪಾದ ಊರಿ ನಿಲ್ಲುವುದು, ತೂಗುವುದು, ಕೈ ಮೇಲೆ ಭಾರ ಹಾಕುವುದು, ಒಂಟಿಕಾಲಲ್ಲಿ ತೋಲ ಹಿಡಿಯುವುದು. ನಮ್ಮ ಬಾಲ್ಯದಲ್ಲಿ ಗೇರುಮರ ಹತ್ತಿ, ತೋಡು ಹಾರಿ ನಾವು ಕಲಿತದ್ದೂ ಇದನ್ನೇ. ಈಗಿನ ಮಕ್ಕಳಿಗೆ ಫ್ಲಾಟ್‌ನಲ್ಲಿ ಮರವೂ ಇಲ್ಲ, ತೋಡೂ ಇಲ್ಲ. ಕೈಯಲ್ಲಿ ಮೊಬೈಲು ಇದೆ. ಆದ್ದರಿಂದ 'ಕಳಿಸಲೇಬೇಡಿ' ಎಂದು ನಾನು ಹೇಳುವವನಲ್ಲ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂದು ಮಕ್ಕಳಿಗೆ ಕಲಿಸುವವನು ನಾನೇ ತಾನೆ?

ಇನ್ನೊಂದು ಮಾತು, ಅವಸರ ಬೇಡ. ಒಲಿಂಪಿಕ್ಸ್‌ಗೆ ಹೋದ ಮೊದಲ ಭಾರತೀಯ ಮಹಿಳಾ ಜಿಮ್ನಾಸ್ಟ್ ದೀಪಾ ಕರ್ಮಾಕರ್ ತ್ರಿಪುರಾದ ಅಗರ್ತಲದವರು. ಆರು ವರ್ಷಕ್ಕೆ ಅಭ್ಯಾಸ ಶುರು ಮಾಡಿದರು. ಜಿಮ್ನಾಸ್ಟಿಕ್ಸ್‌ಗೆ ಹೇಳಿಸಿದ್ದಲ್ಲದ ಚಪ್ಪಟೆ ಪಾದ ಅವರದು. 2016ರ ರಿಯೊ ಒಲಿಂಪಿಕ್ಸ್‌ನ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ ಪಡೆದು ನಾಲ್ಕನೆಯವರಾದರು. ಆಗ ಅವರಿಗೆ 23 ವರ್ಷ. ಅಂದರೆ 17 ವರ್ಷದ ಹಾದಿ. ಹೆಣ್ಣುಮಕ್ಕಳು ಒಲಿಂಪಿಕ್ಸ್‌ಗೆ ಹೋಗಬೇಕಾದರೆ ಆ ವರ್ಷ 16 ತುಂಬಲೇಬೇಕು ಎಂಬ ನಿಯಮವೂ ಇದೆ. ಉಜ್ಬೇಕಿಸ್ತಾನದ ಒಕ್ಸಾನಾ ಚುಸೊವಿಟಿನಾ 46ನೇ ವಯಸ್ಸಿನಲ್ಲಿ, ಮಗನ ತಾಯಿಯಾಗಿ, ಟೋಕಿಯೊದಲ್ಲಿ ತಮ್ಮ ಎಂಟನೇ ಒಲಿಂಪಿಕ್ಸ್ ಆಡಿದರು. ಹೀಗಿರುವಾಗ "ಮೂರು ತಿಂಗಳಲ್ಲಿ ನಿಮ್ಮ ಮಗು ಲಾಗ ಹಾಕುತ್ತದೆ" ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಂದ ಎದ್ದು ಬನ್ನಿ.

ಹತ್ತೂದು ಸುಲಭ, ಇಳಿಯೂದು ಕಷ್ಟ

ನನ್ನ ಮಗಳಿಗೆ ಈಗ ಎಂಟು ವರ್ಷ. ಶಾಲೆಯ ಕಾರ್ಯಕ್ರಮದಲ್ಲಿ ಮಕ್ಕಳು ಮಲ್ಲಕಂಬ ಆಡಿದ್ದನ್ನು ನೋಡಿ ಬಂದವಳು "ಉಪ್ಪಾ, ನನಗೂ ಬೇಕು" ಎಂದು ಹಟ ಹಿಡಿದಳು. ಲೋಕಾಪುರದಲ್ಲಿ ಜಿಮ್ನಾಸ್ಟಿಕ್ಸ್ ಎಂದು ಬೋರ್ಡ್ ಹಾಕಿದ ಜಾಗ ನಾನು ಕಂಡಿಲ್ಲ. ಆದರೆ ಈ ಸೀಮೆಯಲ್ಲಿ ಮೈ ಬಗ್ಗಿಸುವ ವಿದ್ಯೆಗೆ ಬರವಿಲ್ಲ. ಮುಧೋಳ, ಜಮಖಂಡಿ ಕಡೆ ಹಳ್ಳಿ ಹಳ್ಳಿಯಲ್ಲಿ ಗರಡಿಮನೆ. ಬಾಗಲಕೋಟೆ ರಸ್ತೆಯಲ್ಲಿ ಕಲಾದಗಿ ದಾಟಿದರೆ ಸಿಗುವ ತುಳಸಿಗೇರಿ ಮಲ್ಲಕಂಬದಿಂದಲೇ ಹೆಸರು ಮಾಡಿದ ಊರು.

ಕರಾವಳಿಯ ಓದುಗರಿಗೆ ಮಲ್ಲಕಂಬದ ಬಗ್ಗೆ ಒಂದೆರಡು ಮಾತು. ನೆಲದಲ್ಲಿ ಹುಗಿದ, ಮೇಲೆ ಹೋದಂತೆ ಸಪೂರವಾಗುವ ನುಣುಪಾದ ಮರದ ಕಂಬ, ಆಳಿಗಿಂತ ಎತ್ತರ. ಅದಕ್ಕೆ ಹರಳೆಣ್ಣೆ ಸವರಿ, ಹತ್ತಿ, ಕಾಲು ಸುತ್ತಿ, ತಲೆಕೆಳಗಾಗಿ ನಿಂತು ಆಸನ ಹಾಕುತ್ತಾರೆ. ಕುಸ್ತಿ ಆಳುಗಳ ಅಭ್ಯಾಸಕ್ಕೆ ಇದ್ದದ್ದು ಈಗ ಬೇರೆಯೇ ಆಟವಾಗಿ ಬೆಳೆದಿದೆ. ಪೇಶ್ವೆ ಎರಡನೇ ಬಾಜೀರಾಯರ ಕಾಲದಲ್ಲಿ ಬಾಳಂಭಟ್ಟ ದೇವಧರ ಎಂಬವರು ಇದಕ್ಕೆ ಮರುಜೀವ ಕೊಟ್ಟರು ಎನ್ನುತ್ತಾರೆ. ಹೆಣ್ಣುಮಕ್ಕಳು ಹೆಚ್ಚಾಗಿ ಆಡುವುದು ಹಗ್ಗದ ಮಲ್ಲಕಂಬ. ಮೇಲಿಂದ ಇಳಿಬಿಟ್ಟ ಒಂದೇ ಹಗ್ಗದಲ್ಲಿ ಆಸನ. ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲೂ ಈಗ ಮಲ್ಲಕಂಬಕ್ಕೆ ಜಾಗವಿದೆ. ತೋಲ, ಹಿಡಿತ, ಧೈರ್ಯ ಕಲಿಸುವುದರಲ್ಲಿ ಇದು ಜಿಮ್ನಾಸ್ಟಿಕ್ಸ್‌ನ ಅಣ್ಣ. ಹತ್ತಿರದಲ್ಲಿ ಜಿಮ್ನಾಸ್ಟಿಕ್ಸ್ ಇಲ್ಲದಿದ್ದರೆ ಇಂಥದ್ದನ್ನೂ ನೋಡಬಹುದು.

ಮಗಳಿಗಾಗಿ ನಾನು ಎರಡು ಕಡೆ ಹೋದೆ. ಊರಿನ ಹೆಸರು ಬೇಡ, ಕಂಡದ್ದು ಹೇಳುತ್ತೇನೆ.

ಮೊದಲನೆಯದು ಒಂದು ಪಟ್ಟಣದ ಕ್ಲಾಸು. ಗೋಡೆ ತುಂಬ ಪದಕ, ಫೋಟೊ. ಗಾಜಿನ ಬಾಗಿಲಿಗೆ ಪೋಸ್ಟರ್ ಅಂಟಿಸಿ ಒಳಗೆ ಕಾಣದ ಹಾಗೆ ಮಾಡಿದ್ದರು. "ಪಾಲಕರು ಒಳಗೆ ಬಂದ್ರೆ ಮಕ್ಕಳ ಗಮನ ಹೋಗ್ತದೆ" ಅಂದರು. ಬಾಗಿಲು ಒಂದು ಸಲ ತೆರೆದಾಗ ಕಂಡದ್ದು: ಕಾಲು ಎರಡು ಬದಿಗೆ ಚಾಚಿ ಕೂತ ಪುಟ್ಟ ಹುಡುಗಿಯ ತೊಡೆ ಮೇಲೆ ದೊಡ್ಡವಳೊಬ್ಬಳು ಭಾರ ಹಾಕಿ ಒತ್ತುತ್ತಿದ್ದಾಳೆ. ಚಿಕ್ಕವಳ ಕಣ್ಣಲ್ಲಿ ನೀರು, ಬಾಯಲ್ಲಿ ಸದ್ದಿಲ್ಲ. ನಾನು ಮಗಳ ಕೈ ಹಿಡಿದು ವಾಪಸ್ ಬಂದೆ.

ಎರಡನೆಯದು ಹಳ್ಳಿಯ ಬಯಲು. ಬೇವಿನ ಮರ, ಒಂದು ಕಂಬ, ಎರಡು ಹಗ್ಗ, ಕೆಳಗೆ ಹದ ಮಾಡಿದ ಕೆಮ್ಮಣ್ಣು ಮತ್ತು ಮ್ಯಾಟ್. ಕಲಿಸುವವರು ಹಳೆ ಪೈಲ್ವಾನರು, ಹುಡುಗಿಯರಿಗೆ ಅವರ ಸೊಸೆ. ಒಂದು ಗಂಟೆ ಕೂತೆ. ಹೊಸ ಮಕ್ಕಳು ಬರೀ ಎರಡು ಅಡಿ ಹತ್ತುತ್ತಾರೆ, ಇಳಿಯುತ್ತಾರೆ, ಮೊಣಕಾಲು ಮಡಿಸಿ ನಿಲ್ಲುತ್ತಾರೆ. ಮತ್ತೆ ಅದನ್ನೇ. ನನಗೆ ಬೇಸರ ಬಂದು "ಮೇಲೆ ಹತ್ತಿಸುವುದು ಯಾವಾಗ?" ಎಂದು ಕೇಳಿದೆ. ಅವರು ನಕ್ಕರು.

"ಹತ್ತೂದು ಯಾರಿಗಿ ಬರೂದಿಲ್ಲ ಹೇಳ್ರಿ ಮೌಲಾನಾ? ಇಳಿಯೂದು ಕಲಸೂದ ಕಷ್ಟ. ಇಳಿಯೂದು ಬಂದ ಮ್ಯಾಲೆ ಹತ್ತೂದು ತಾನ ಬರತೈತಿ."

ಅಷ್ಟರಲ್ಲಿ ಒಬ್ಬ ಹುಡುಗ ಬಂದು "ಅಜ್ಜಾ, ಹೆಗಲ ನೋಯಾಕತ್ತೈತಿ" ಅಂದ. ಅವರು ಹೆಗಲು ಮುಟ್ಟಿ ನೋಡಿ, "ಇವತ್ತ ಕುಂದರು, ನೋಡ್ಕೋತ ಕಲಿ" ಎಂದು ಮರದ ಕೆಳಗೆ ಕೂರಿಸಿದರು. ಯಾರೂ ನಗಲಿಲ್ಲ. ನನ್ನ ತಂಗಿಯ ಮಗ ನೆನಪಾದ. ಅಲ್ಲೇ ನಾನು ತೀರ್ಮಾನ ಮಾಡಿದೆ.

ಒಂದು ಗಂಟೆಯಲ್ಲಿ ಏನು ನೋಡಬೇಕು?

ನಗರದ ದೊಡ್ಡ ಕ್ಲಬ್ಬಾಗಲಿ, ಹಳ್ಳಿಯ ಬಯಲಾಗಲಿ, ಸೇರಿಸುವ ಮೊದಲು ಒಂದು ಪೂರ್ತಿ ತರಗತಿ ನೋಡಲು ಕೇಳಿ. ಬಿಡುವುದಿಲ್ಲ ಅಂದರೆ ಉತ್ತರ ಸಿಕ್ಕಿತು ಎಂದು ತಿಳಿಯಿರಿ.

ಮೊದಲು ನೆಲ ನೋಡಿ. ಸಿಮೆಂಟಿನ ಮೇಲೆ ತೆಳು ಕಾರ್ಪೆಟ್ ಹಾಸಿ ಲಾಗ ಹಾಕಿಸುವ ಜಾಗಗಳಿವೆ. ಮ್ಯಾಟನ್ನು ಅಂಗೈಯಲ್ಲಿ ಜೋರಾಗಿ ಒತ್ತಿದರೆ ಗಟ್ಟಿ ನೆಲ ಕೈಗೆ ಸಿಗಬಾರದು. ಎರಡು ಮ್ಯಾಟ್‌ಗಳ ನಡುವೆ ಸಂದಿ ಇದ್ದರೆ ಮಗುವಿನ ಪಾದ ಸಿಕ್ಕಿ ಉಳುಕುತ್ತದೆ. ಬಾರ್, ಹಗ್ಗ, ಕೊಕ್ಕೆ ತುಕ್ಕು ಹಿಡಿದಿದೆಯೇ, ಕಂಬ ಅಲ್ಲಾಡುತ್ತದೆಯೇ ನೋಡಿ. ಎಣ್ಣೆ ಸವರಿದ ಕಂಬ ಆಡಿದ ಕೈಯಲ್ಲೇ ಮಕ್ಕಳು ಬಾರ್ ಹಿಡಿಯುತ್ತಾರೆಯೇ ನೋಡಿ, ಕೈ ಜಾರುತ್ತದೆ.

ಎರಡನೆಯದು, ಶುರು ಹೇಗೆ? ಬಂದ ಕೂಡಲೇ ಲಾಗಕ್ಕೆ ನಿಲ್ಲಿಸುವ ಜಾಗ ಬೇಡ. ಸುಮಾರು ಕಾಲು ಗಂಟೆ ಓಟ, ಕುಣಿತ, ಮುಂಗೈ ಮತ್ತು ಹಿಮ್ಮಡಿ ತಿರುಗಿಸುವುದು, ಮೈ ಬಿಸಿ ಮಾಡುವುದು ಇರಬೇಕು. ಕೊನೆಗೆ ಮೈ ತಣಿಸುವುದೂ ಇರಬೇಕು.

ಮೂರನೆಯದು, ಬೀಳುವುದನ್ನು ಕಲಿಸುತ್ತಾರೆಯೇ? ಮಗು ಬೀಳುವಾಗ ಕೈ ಹಿಂದಕ್ಕೆ ಊರಿದರೆ ಮುಂಗೈ, ಮೊಣಕೈ ಮುರಿಯುತ್ತದೆ. ಗದ್ದವನ್ನು ಎದೆಗೆ ಅಂಟಿಸಿ, ಬೆನ್ನು ಗೋಲ ಮಾಡಿ ಉರುಳಲು ಕಲಿಸಿದರೆ ಪೆಟ್ಟು ಕಡಿಮೆ. ಒಳ್ಳೆಯ ಕಡೆ ಹೊಸಬರ ಮೊದಲ ವಾರಗಳು ಇದರಲ್ಲೇ ಹೋಗುತ್ತವೆ. "ಒಂದು ತಿಂಗಳಾಯ್ತು, ಇನ್ನೂ ಉರುಳಾಡ್ತಾ ಇದ್ದಾಳೆ" ಎಂದು ದೂರಬೇಡಿ. ಖುಷಿ ಪಡಿ.

ನಾಲ್ಕನೆಯದು, ಒಬ್ಬ ಕೋಚ್‌ಗೆ ಎಷ್ಟು ಮಕ್ಕಳು? ಒಂದು ಮಗು ಬಾರ್ ಮೇಲಿರುವಾಗ ಕೋಚ್ ಅಲ್ಲೇ ಹತ್ತಿರ ಇದ್ದಾರೆಯೇ, ಅಥವಾ ಮೂಲೆಯಲ್ಲಿ ಕೂತು ಮೊಬೈಲ್ ನೋಡುತ್ತಿದ್ದಾರೆಯೇ? ಸರತಿಯಲ್ಲಿರುವ ಮಕ್ಕಳು ಸುಮ್ಮನೆ ಕಚ್ಚಾಡುತ್ತಿದ್ದಾರೆಯೇ, ಏನಾದರೂ ಮಾಡುತ್ತಿದ್ದಾರೆಯೇ? ಏಳರ ಮಗುವನ್ನೂ ಹದಿನಾಲ್ಕರ ಹುಡುಗನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದರೆ ಅದೂ ಸರಿಯಲ್ಲ.

ಐದನೆಯದು, ಕಲಿಸುವವರು ಎಲ್ಲಿ ಕಲಿತರು? ನಾಚಿಕೆ ಬೇಡ, ಕೇಳಿ. ಪಟಿಯಾಲದಲ್ಲಿರುವ ನೇತಾಜಿ ಸುಭಾಷ್ ರಾಷ್ಟ್ರೀಯ ಕ್ರೀಡಾ ಸಂಸ್ಥೆ 1961ರಿಂದ ಇದೆ. ಅಲ್ಲಿ ಕೋಚ್‌ಗಳಿಗೆ ಡಿಪ್ಲೊಮಾ ಇದೆ, ಆರು ವಾರದ ಸರ್ಟಿಫಿಕೇಟ್ ಕೋರ್ಸೂ ಇದೆ. ಎರಡೂ ಒಂದೇ ಅಲ್ಲ. ಗೋಡೆ ಮೇಲೆ ಪ್ರಮಾಣಪತ್ರ ಇದ್ದರೆ ಹತ್ತಿರ ಹೋಗಿ ಓದಿ, ಯಾವ ಆಟದ್ದು ಎಂದು ನೋಡಿ. ಡ್ಯಾನ್ಸ್ ಕಲಿಸುವವರು ಜಿಮ್ನಾಸ್ಟಿಕ್ಸ್ ಬೋರ್ಡ್ ಹಾಕಿರುವುದೂ ಉಂಟು. ಕಾಗದ ಇಲ್ಲದ ಹಳೆ ಪೈಲ್ವಾನರು ಚೆನ್ನಾಗಿ ಕಲಿಸುವುದೂ ಉಂಟು, ನಾನು ಕಂಡದ್ದು ಅದೇ. ಆದರೆ ಅದನ್ನು ಕಣ್ಣಾರೆ ನೋಡಿ ತೀರ್ಮಾನಿಸಬೇಕು. ಜೊತೆಗೆ ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಐಸು, ಹತ್ತಿರದ ಆಸ್ಪತ್ರೆಗೆ ಗಾಡಿ ಇದೆಯೇ ಎಂದೂ ಕೇಳಿ.

ಆರನೆಯದೇ ಮುಖ್ಯ. ಒಂದು ಮಗು "ಆಗಲ್ಲ", "ಹೆದರಿಕೆ ಆಗ್ತದೆ", "ನೋವು" ಅಂದಾಗ ಏನಾಗುತ್ತದೆ, ಅದನ್ನು ನೋಡುವವರೆಗೆ ಎದ್ದು ಬರಬೇಡಿ. ಬೈಗುಳ, ನಗು, "ಹೆಣ್ಣಪ್ಪಿ" ಎಂಬ ಮಾತು ಬಂದರೆ ಆ ಜಾಗ ಬೇಡ. ಕೋಚ್ ನಿಲ್ಲಿಸಿ, ಒಂದು ಮೆಟ್ಟಿಲು ಕೆಳಗಿಳಿಸಿ ಸುಲಭದ್ದನ್ನು ಕೊಟ್ಟರೆ ಅದು ಒಳ್ಳೆಯ ಜಾಗ.

ಅಮೆರಿಕದ ಸಿಮೋನ್ ಬೈಲ್ಸ್ ಹೆಸರು ಮಕ್ಕಳಿಗೆ ಗೊತ್ತು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ತಂಡದ ಫೈನಲ್ ನಡುವೆಯೇ ಅವರು ಹಿಂದೆ ಸರಿದರು. ಗಾಳಿಯಲ್ಲಿ ತಿರುಗುವಾಗ ತಾನೆಲ್ಲಿದ್ದೇನೆ ಎಂಬ ಅಂದಾಜೇ ತಪ್ಪುತ್ತಿತ್ತು. ಹಾಗೇ ಮುಂದುವರಿದಿದ್ದರೆ ಕುತ್ತಿಗೆ ಮುರಿಯಬಹುದಿತ್ತು. ಬೈದವರು ಬಹಳ. ಅದೇ ಬೈಲ್ಸ್ 2024ರ ಪ್ಯಾರಿಸ್‌ನಲ್ಲಿ ಮೂರು ಚಿನ್ನ, ಒಂದು ಬೆಳ್ಳಿ ಗೆದ್ದರು. ಜಗತ್ತಿನ ಎದುರು 'ಆಗಲ್ಲ' ಎಂದು ಅವರು ಹೇಳಬಹುದಾದರೆ ನಮ್ಮ ಎಂಟು ವರ್ಷದ ಮಗು ಯಾಕೆ ಹೇಳಬಾರದು?

ಬಾಗಿಲು ತೆರೆದಿರಲಿ

ಈ ಭಾಗ ಬರೆಯಲು ನನಗೂ ಮುಜುಗರ. ಆದರೆ ಬರೆಯದಿದ್ದರೆ ಲೇಖನ ಬರೆದೂ ಪ್ರಯೋಜನವಿಲ್ಲ.

ಜಿಮ್ನಾಸ್ಟಿಕ್ಸ್ ಕಲಿಸುವಾಗ ಮಗುವನ್ನು ಮುಟ್ಟಲೇಬೇಕು. ಸೊಂಟ, ಬೆನ್ನು, ತೊಡೆ ಹಿಡಿದು ಆಧಾರ ಕೊಡದಿದ್ದರೆ ಮಗು ಬೀಳುತ್ತದೆ. ಅದು ಕಲಿಕೆಯ ಭಾಗ. ಆದ್ದರಿಂದಲೇ ಕೆಟ್ಟ ಉದ್ದೇಶದವರು ಅದರ ಮರೆಯಲ್ಲಿ ನಿಲ್ಲುವುದೂ ಸುಲಭ. ಅಮೆರಿಕದ ರಾಷ್ಟ್ರೀಯ ಜಿಮ್ನಾಸ್ಟಿಕ್ಸ್ ತಂಡದ ವೈದ್ಯನಾಗಿದ್ದ ಲ್ಯಾರಿ ನಾಸರ್ ವರ್ಷಾನುಗಟ್ಟಲೆ ಚಿಕಿತ್ಸೆಯ ಹೆಸರಿನಲ್ಲಿ ಹೆಣ್ಣುಮಕ್ಕಳ ಮೇಲೆ ದೌರ್ಜನ್ಯ ಮಾಡಿದ. ಕೆಲವು ಸಲ ಪೋಷಕರು ಅದೇ ಕೋಣೆಯಲ್ಲಿ ಇದ್ದರು, ಅವರಿಗೆ ಗೊತ್ತೇ ಆಗಲಿಲ್ಲ. ಹೇಳಿದ ಮಕ್ಕಳ ಮಾತನ್ನು ದೊಡ್ಡವರು ತಳ್ಳಿಹಾಕಿದರು. ಕೊನೆಗೆ 2018ರ ಜನವರಿಯಲ್ಲಿ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಮಂದಿ ಎದ್ದು ನಿಂತು ತಮಗಾದದ್ದನ್ನು ಹೇಳಿದರು. ಅವನಿಗೆ 40ರಿಂದ 175 ವರ್ಷದ ಶಿಕ್ಷೆಯಾಯಿತು. ಬೈಲ್ಸ್ ಕೂಡ ಅವನಿಂದ ನೊಂದವರಲ್ಲಿ ಒಬ್ಬರು.

ಅದು ದೂರದ ದೇಶ ಎಂದು ಸುಮ್ಮನಿರಬೇಡಿ. ಮಕ್ಕಳು ಇರುವ ಕಡೆಯೆಲ್ಲ ಈ ಎಚ್ಚರ ಬೇಕು. ಶಾಲೆ, ಟ್ಯೂಷನ್, ಮೈದಾನ, ನಮ್ಮ ಮದ್ರಸ, ಯಾವುದನ್ನೂ ನಾನು ಬಿಡುವುದಿಲ್ಲ. ಕ್ಲಬ್‌ನಲ್ಲಿ ಮೂರು ವಿಷಯ ಕೇಳಿ. ಪಾಲಕರು ಯಾವಾಗ ಬೇಕಾದರೂ ಬಂದು ನೋಡಬಹುದೇ? ಹೇಗೆ ಹಿಡಿದು ಆಧಾರ ಕೊಡುತ್ತೇವೆ ಎಂದು ಮಗುವಿಗೂ ನಮಗೂ ಮೊದಲೇ ತೋರಿಸಿಕೊಡುತ್ತೀರಾ? ಒಬ್ಬ ಕೋಚ್ ಒಂದು ಮಗುವಿನ ಜೊತೆ ಬಾಗಿಲು ಹಾಕಿ ಒಂಟಿಯಾಗಿ ಇರುವುದುಂಟಾ? ಕೋಚ್ ಮಗುವಿಗೆ ಗುಟ್ಟಾಗಿ ಮೆಸೇಜ್ ಕಳಿಸುವುದು, ಉಡುಗೊರೆ ಕೊಟ್ಟು "ಮನೆಯಲ್ಲಿ ಹೇಳಬೇಡ" ಎನ್ನುವುದು, ಇವೆಲ್ಲ ಅಪಾಯದ ಗಂಟೆ.

ಮನೆಯಲ್ಲಿ ಉಮ್ಮಂದಿರು ಮಗುವಿಗೆ ಹೇಳಿಕೊಡಬೇಕು: ಆಟಕ್ಕೆ ಹಿಡಿಯುವುದು ಎಲ್ಲರ ಎದುರು ಆಗುತ್ತದೆ, ಆಟ ಮುಗಿದ ಕೂಡಲೇ ಬಿಡುತ್ತಾರೆ. ಬೇರೆ ಏನಾದರೂ ಆದರೆ, ಯಾರೇ ಆಗಿರಲಿ, ಬಂದು ಹೇಳು, ನಾನು ನಿನಗೆ ಬೈಯುವುದಿಲ್ಲ. ನಮ್ಮ ದೇಶದಲ್ಲಿ 2012ರ ಪೋಕ್ಸೊ ಕಾಯ್ದೆ ಇದೆ. 18 ವರ್ಷದೊಳಗಿನ ಗಂಡು, ಹೆಣ್ಣು ಎಲ್ಲ ಮಕ್ಕಳಿಗೂ ಅದರ ರಕ್ಷಣೆ. ವಿಷಯ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. 'ಮರ್ಯಾದೆ ಹೋಗುತ್ತೆ' ಎಂದು ಮುಚ್ಚಿಡುವುದು ಕಾನೂನಿನಲ್ಲೂ ತಪ್ಪು, ಅಲ್ಲಾಹನ ಮುಂದೆಯೂ ತಪ್ಪು. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇದೆ. ಈ ಸಂಖ್ಯೆಯನ್ನು ಮಗುವಿಗೆ ಬಾಯಿಪಾಠ ಮಾಡಿಸಿ.

ಬಟ್ಟೆ, ಸಮಯ, ನಮ್ಮ ಚಿಂತೆಗಳು

ಹೆಣ್ಣುಮಕ್ಕಳ ಬಟ್ಟೆಯ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಮಾತು ನಿಂತುಬಿಡುತ್ತದೆ. ಕಲಿಕೆಗೆ ಸ್ಪರ್ಧೆಯ ಬಟ್ಟೆ ಬೇಕಿಲ್ಲ. ಮೈಗೆ ಹೊಂದುವ ಪೂರ್ತಿ ತೋಳಿನ ಟೀ ಶರ್ಟ್, ಟ್ರ್ಯಾಕ್ ಪ್ಯಾಂಟ್ ಸಾಕು. ಸ್ಪರ್ಧೆಯಲ್ಲೂ ಹಿಮ್ಮಡಿವರೆಗೆ ಮುಚ್ಚುವ ಉಡುಪಿಗೆ ಅಂತರರಾಷ್ಟ್ರೀಯ ನಿಯಮದಲ್ಲಿ ಅವಕಾಶವಿದೆ. 2021ರಲ್ಲಿ ಜರ್ಮನಿಯ ಹುಡುಗಿಯರು ಯುರೋಪಿಯನ್ ಚಾಂಪಿಯನ್‌ಷಿಪ್‌ನಲ್ಲಿ, ಆಮೇಲೆ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಅಂಥದ್ದನ್ನೇ ತೊಟ್ಟು ಆಡಿದರು. ಆಡುವವಳಿಗೆ ಯಾವುದು ಸಮಾಧಾನವೋ ಅದನ್ನು ತೊಡಲಿ ಎಂಬುದು ಅವರ ಮಾತಾಗಿತ್ತು. ಆದ್ದರಿಂದ ಕ್ಲಬ್‌ನಲ್ಲಿ ಮೊದಲ ದಿನವೇ ಬಾಯಿಬಿಟ್ಟು ಕೇಳಿ. ಒಂದು ಎಚ್ಚರ: ದೊಗಳೆ ಬಟ್ಟೆ, ಶಾಲು, ಪಿನ್ ಚುಚ್ಚಿದ ಸ್ಕಾರ್ಫ್ ಅಪಾಯ. ಬಾರ್‌ಗೆ ಸಿಕ್ಕಿಕೊಳ್ಳುತ್ತದೆ, ಪಿನ್ ಕುತ್ತಿಗೆಗೆ ಚುಚ್ಚುತ್ತದೆ. ತಲೆಗೆ ಅಂಟಿ ಕೂರುವ ಟೋಪಿಯಂಥದ್ದು ಇದ್ದರೆ ಒಳ್ಳೆಯದು. ಬಳೆ, ಓಲೆ, ಕಾಲುಂಗುರ ಮನೆಯಲ್ಲೇ ತೆಗೆದಿಡಿ.

ಮಗಳು ಬೆಳೆದ ಹಾಗೆ ಮಹಿಳಾ ಕೋಚ್ ಬೇಕು ಎನಿಸುವುದು ಸಹಜ. ಹಲವು ಕಡೆ ಸಿಗುವುದಿಲ್ಲ. ಆಗ ನಾಲ್ಕೈದು ಮನೆಯವರು ಒಟ್ಟಾಗಿ ಕೇಳಿ. ಒಬ್ಬರು ಕೇಳಿದರೆ ಬೇಡಿಕೆ, ಹತ್ತು ಜನ ಕೇಳಿದರೆ ಬ್ಯಾಚು.

ಗರಡಿಮನೆ, ಮಲ್ಲಕಂಬದಲ್ಲಿ ಇನ್ನೊಂದು ಪ್ರಶ್ನೆ ಬರುತ್ತದೆ. ಅಲ್ಲಿ ಹನುಮಂತನ ಪಟ ಇರುತ್ತದೆ, ಮಕ್ಕಳು ಕಂಬಕ್ಕೆ ಕೈಮುಗಿದು ಹತ್ತುತ್ತಾರೆ. ಇದನ್ನು ನಾನು ಆ ಪೈಲ್ವಾನರ ಹತ್ತಿರ ನೇರವಾಗಿಯೇ ಮಾತಾಡಿದೆ. ಅವರು, "ನಮ್ಮ ಗರಡ್ಯಾಗ ಮೊದಲಿಂದಾನೂ ನಿಮ್ಮ ಹುಡುಗ್ರು ಅದಾರ್ರಿ. ಅವರು ಬಿಸ್ಮಿಲ್ಲಾ ಅಂತಾರ, ಇವರು ಕೈ ಮುಗೀತಾರ. ಕಂಬಕ್ಕ ಎಲ್ಲಾರೂ ಒಂದ" ಅಂದರು. ಮೊದಲೇ ಮರ್ಯಾದೆಯಿಂದ ಕೇಳಿದರೆ ಎಷ್ಟೋ ಗೊಂದಲ ಅಲ್ಲೇ ಮುಗಿಯುತ್ತದೆ. ಕೇಳದೆ ಸೇರಿಸಿ, ಆಮೇಲೆ ಮಗುವನ್ನು ಎಲ್ಲರ ಎದುರು ಹಿಂದೆ ಎಳೆಯುವುದು ಮಗುವಿಗೂ ಅವಮಾನ, ಅವರಿಗೂ ಬೇಸರ.

ಸಮಯದ ವಿಷಯ. ಶಾಲೆ, ಮದ್ರಸ, ಟ್ಯೂಷನ್, ಅದರ ಮೇಲೆ ಜಿಮ್ನಾಸ್ಟಿಕ್ಸ್. ಮಗು ಊಟದ ತಟ್ಟೆಯ ಮುಂದೆ ತೂಕಡಿಸಿದರೆ ನಾವು ಲೆಕ್ಕ ತಪ್ಪಿದ್ದೇವೆ ಎಂದೇ ಅರ್ಥ. ಕ್ರೀಡಾ ವೈದ್ಯರು ಹೇಳುವ ಸರಳ ಲೆಕ್ಕವೊಂದಿದೆ: ಮಗುವಿಗೆ ಎಷ್ಟು ವರ್ಷವೋ ವಾರಕ್ಕೆ ಅದಕ್ಕಿಂತ ಹೆಚ್ಚು ಗಂಟೆ ತರಬೇತಿ ಬೇಡ. ಎಂಟು ವರ್ಷದ ಮಗುವಿಗೆ ಎಂಟು ಗಂಟೆಯೇ ಮಿತಿ, ಶುರುವಿಗೆ ಎರಡು ಮೂರು ಗಂಟೆ ಧಾರಾಳ. ವಾರದಲ್ಲಿ ಒಂದೆರಡು ದಿನ ಪೂರ್ತಿ ವಿಶ್ರಾಂತಿ ಇರಲಿ. ಮದ್ರಸ ತಪ್ಪುತ್ತದೆ ಎಂದು ಆಟ ಬಿಡಿಸುವ ಮೊದಲು ನಿಮ್ಮ ಉಸ್ತಾದರ ಹತ್ತಿರ ಮಾತಾಡಿ. ನನ್ನ ಮದ್ರಸದಲ್ಲಿ ಇಬ್ಬರು ಮಕ್ಕಳಿಗೆ ವಾರದಲ್ಲಿ ಎರಡು ದಿನ ಪಾಠದ ಹೊತ್ತು ಬದಲಿಸಿದ್ದೇನೆ. ಆಕಾಶವೇನೂ ಬೀಳಲಿಲ್ಲ.

ರಂಝಾನಿನಲ್ಲಿ ಉಪವಾಸ ಹಿಡಿಯುವ ಮಗುವಿದ್ದರೆ ಕೋಚ್‌ಗೆ ಮೊದಲೇ ತಿಳಿಸಿ. ನೀರಿಲ್ಲದ ಮೈಯಲ್ಲಿ ತಲೆಕೆಳಗಾಗಿ ನೇತಾಡಿದರೆ ತಲೆ ಸುತ್ತಿ ಬೀಳಬಹುದು. ಆ ತಿಂಗಳು ಬಿಡುವು ಕೊಡಿ, ಅಥವಾ ನೆಲದ ಮೇಲಿನ ಹಗುರ ಅಭ್ಯಾಸ ಸಾಕು. ಇದನ್ನು ಕೇಳಿ ಮುಖ ಸಿಂಡರಿಸುವ ಕೋಚ್ ನೋವಿನ ಮಾತನ್ನೂ ಕೇಳಲಾರರು.

ದುಡ್ಡು ಮತ್ತು ಪದಕ

ತಿಂಗಳ ಫೀಸಿನ ಹಿಂದೆ ಏನೇನಿದೆ ಕೇಳಿ. ಬಟ್ಟೆ, ಸ್ಪರ್ಧೆಯ ಶುಲ್ಕ, ಪ್ರಯಾಣ, ವರ್ಷದ 'ಅನ್ಯುವಲ್ ಡೇ'. ರಸೀದಿ ಕೊಡುತ್ತಾರೆಯೇ? ವರ್ಷದ ಹಣ ಒಟ್ಟಿಗೆ ಕೇಳಿದರೆ ಮೊದಲ ತಿಂಗಳದ್ದು ಮಾತ್ರ ಕೊಟ್ಟು ನೋಡಿ. ಮಗು ಬಿಟ್ಟರೆ ಹಣ ವಾಪಸ್ ಬರುತ್ತದೆಯೇ ಎಂದು ಬರವಣಿಗೆಯಲ್ಲಿ ಕೇಳಿ. ಹಣ ಕಟ್ಟಾಗಿದೆ ಎಂಬ ಒಂದೇ ಕಾರಣಕ್ಕೆ ನೋವಿರುವ ಮಗುವನ್ನು ಕಳಿಸುವ ತಂದೆಯರಿದ್ದಾರೆ.

ಮಗುವಿಗೆ ನಿಜವಾಗಿ ಕೈ ಹತ್ತಿದರೆ, ಬಡವರಿಗೂ ದಾರಿಯಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಆಯ್ಕೆ ನಡೆಸಿ ಮಕ್ಕಳನ್ನು ಕ್ರೀಡಾಶಾಲೆ, ಕ್ರೀಡಾನಿಲಯಕ್ಕೆ ಸೇರಿಸಿಕೊಳ್ಳುತ್ತದೆ. ಜಿಲ್ಲಾ ಕೇಂದ್ರದಲ್ಲಿರುವ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ. ಅಲ್ಲಿಗೂ ಹೋಗಿ, ಮಕ್ಕಳು ಮಲಗುವ ಕೋಣೆ ನೋಡಿ, ವಾರ್ಡನ್ ಹತ್ತಿರ ಮಾತಾಡಿ.

ಪದಕದ ಗೋಡೆ ನೋಡಿ ಮರುಳಾಗಬೇಡಿ. ಆ ಗೋಡೆಯಲ್ಲಿ ಗೆದ್ದ ಮಕ್ಕಳ ಫೋಟೊ ಇರುತ್ತದೆ, ನೋವಾಗಿ ಬಿಟ್ಟುಹೋದವರದ್ದು ಇರುವುದಿಲ್ಲ. "ಕಳೆದ ವರ್ಷ ಬಿಟ್ಟವರು ಎಷ್ಟು ಜನ, ಯಾಕೆ ಬಿಟ್ಟರು?" ಎಂದು ಕೇಳಿ. ಸಾಧ್ಯವಾದರೆ ಬಿಟ್ಟ ಮಗುವಿನ ಉಮ್ಮನ ಹತ್ತಿರವೇ ಮಾತಾಡಿ. ನೂರು ಪೋಸ್ಟರ್‌ಗಿಂತ ಆ ಐದು ನಿಮಿಷ ಹೆಚ್ಚು ಹೇಳುತ್ತದೆ.

ಸೇರಿಸಿದ ಮೇಲೆ

ಸೇರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ "ಇವತ್ತು ಏನು ಕಲಿತೆ?" ಎಂದು ಮಾತ್ರ ಕೇಳಬೇಡಿ. "ಎಲ್ಲಾದರೂ ನೋಯ್ತದಾ? ಹೆದರಿಕೆ ಆಯ್ತಾ? ಯಾರಾದರೂ ಬೈದ್ರಾ?" ಎಂದೂ ಕೇಳಿ. ಮುಂಗೈ, ಹಿಮ್ಮಡಿ, ಸೊಂಟದ ಹತ್ತಿರ ಒತ್ತಿ ನೋಡಿ. ಆಡಿದ ಮರುದಿನ ಮಾಂಸಖಂಡ ನೋಯುವುದು ಮಾಮೂಲು, ಎರಡು ದಿನದಲ್ಲಿ ಹೋಗುತ್ತದೆ. ಕೀಲಿನ ಒಂದೇ ಜಾಗದಲ್ಲಿ ವಾರಗಟ್ಟಲೆ ನಿಂತ ನೋವು ವೈದ್ಯರಿಗೆ ಸೇರಿದ್ದು. ಹೋಗುವ ದಿನ ಮಾತ್ರ ಹೊಟ್ಟೆನೋವು ಬರುವ ಮಗುವಿನ ಹೊಟ್ಟೆಯನ್ನು ಬಿಟ್ಟು ಕ್ಲಾಸನ್ನು ಪರೀಕ್ಷಿಸಿ.

ಇದನ್ನೆಲ್ಲ ಬರೆಯುವಾಗ ನನಗೆ ನನ್ನದೇ ಮದ್ರಸ ನೆನಪಾಯಿತು. ನನ್ನ ಮುಂದೆ ಮೂವತ್ತು ಮಕ್ಕಳು ಕೂರುತ್ತಾರೆ. ಒಂದು ದಿನ ಪಾಠ ಮುಗಿಸಿ ಕೇಳಿದೆ: "ನಿಮಗೆ ಇಲ್ಲಿ ಏನಾದರೂ ನೋವಾದರೆ ನನಗೆ ಹೇಳ್ತೀರಾ?" ಎಲ್ಲರೂ ತಲೆ ಕೆಳಗೆ ಹಾಕಿದರು. ಹಿಂದಿನ ಸಾಲಿನ ಒಬ್ಬ ಹುಡುಗ ಮಾತ್ರ ಮೇಜಿನ ಮೇಲಿದ್ದ ಬೆತ್ತದ ಕಡೆ ನೋಡಿದ. ನಾನು ಅದರಿಂದ ಹೊಡೆಯುವುದು ಬಿಟ್ಟು ವರ್ಷಗಳಾದವು, ಆದರೂ ಅದು ಅಲ್ಲಿತ್ತು. ಅಂದು ಸಂಜೆ ಅದನ್ನು ಮನೆಗೆ ತಂದು ನನ್ನ ಮಡದಿಗೆ ಅವರೆಬಳ್ಳಿಗೆ ಊರುಗೋಲು ಮಾಡಲು ಕೊಟ್ಟೆ.

ಮೊನ್ನೆ ಭಾನುವಾರ ಮಗಳನ್ನು ಮಲ್ಲಕಂಬದಿಂದ ಬೈಕಿನಲ್ಲಿ ಕರಕೊಂಡು ಬರುತ್ತಿದ್ದೆ. ಹಿಂದಿನಿಂದ ಅಂದಳು: "ಉಪ್ಪಾ, ಇವತ್ತು ಅಕ್ಕ ತಲೆಕೆಳಗೆ ಮಾಡು ಅಂದ್ರು. ನಾನು ಹೆದರಿಕೆ ಆಗ್ತದೆ ಅಂದೆ."

"ಮತ್ತೆ?"

"ಮುಂದಿನ ವಾರ ನೋಡೋಣ ಅಂದ್ರು. ನಾನು ಹಗ್ಗ ಹಿಡ್ಕೊಂಡು ಇಳಿಯುವುದನ್ನೇ ಹತ್ತು ಸಲ ಮಾಡಿದೆ."

ಮನೆ ಬರುವವರೆಗೂ ಮಾತಾಡುತ್ತಲೇ ಇದ್ದಳು.